ಒಂದು ಲೋಟ ನೀರಿನಷ್ಟು ಹಿಂದೆ

ಅಂಗಡಿಯಲ್ಲಿ ಸರಕು ಕೂತರೆ ನಾನು ಕೂರಲಾರೆ. ಇದು ನನ್ನ ಹುಟ್ಟುಗುಣ. ಫ್ಯಾನು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಬಲ್ಬು ಮುಂತಾದವು ನನ್ನ ಅಂಗಡಿಗೆ ಒಳ್ಳೆಯ ನೆಂಟರ ಹಾಗೆ ಬಂದು, ನಾಲ್ಕು ದಿನ ಇದ್ದು, ಮರ್ಯಾದೆಯಾಗಿ ಹೊರಟುಹೋಗುತ್ತವೆ. ಹೋಗದೆ ಝಂಡಾ ಊರಿದ ಸರಕನ್ನು ಕಂಡರೆ ನನ್ನ ಅಂಗಾಲಿನಲ್ಲಿ ಇರುವೆ ಹರಿಯತೊಡಗುತ್ತದೆ. ಎದ್ದು ಅದನ್ನು ಒರೆಸುತ್ತೇನೆ. ಮೇಲಿನ ಅರೆಯಿಂದ ಕೆಳಗಿನ ಅರೆಗೆ ಇಳಿಸುತ್ತೇನೆ. ಅಲ್ಲಿ ಇನ್ನೂ ಕೆಟ್ಟದಾಗಿ ಕಂಡಿತೆಂದು ಮತ್ತೆ ಮೇಲಕ್ಕೇರಿಸುತ್ತೇನೆ. ಬಾಗಿಲಿಗೆ ಹೋಗಿ ಬೀದಿಯ ಆ ತುದಿ ಈ ತುದಿ ನೋಡಿ ಬರುತ್ತೇನೆ. ಬಂದು ಕೂತರೆ ಕುರ್ಚಿ ಚುಚ್ಚುತ್ತದೆ. (ಕುರ್ಚಿಯಲ್ಲಿ ದೋಷವಿಲ್ಲ. ಬೇಸಿಗೆಯಲ್ಲಿ ಫ್ಯಾನು ಖರ್ಚಾಗುವ ಕಾಲಕ್ಕೆ ಅದೇ ಕುರ್ಚಿಯಲ್ಲಿ ಚಕ್ರವರ್ತಿಯ ಹಾಗೆ ಕೂತಿರುತ್ತೇನೆ.)

ಈ ಸಲ ಹಾಗೆ ಬಂದು ಝಂಡಾ ಊರಿದವು ಡಿಜಿಟಲ್ ರೇಡಿಯೋಗಳು.

ನಮ್ಮೂರಿನ ಬಾನುಲಿ ನಿಲಯ ಮೊದಲಿನಿಂದಲೂ ಮೀಡಿಯಂ ವೇವಿನದು. ಯಾರ ಮನೆಯ ಹಳೆಯ ಸೆಟ್ಟಾದರೂ ಸರಿ, ಗುಂಡಿ ತಿರುಗಿಸಿದರೆ ಕೊರಕೊರ ಗೊರಗೊರ ಎಂದು ಗಂಟಲು ಸರಿಮಾಡಿಕೊಂಡು ಮಾತಿಗೆ ಶುರುಮಾಡುತ್ತಿತ್ತು. ಆಮೇಲೆ ಅದೇ ಕಾರ್ಯಕ್ರಮವನ್ನು ಎಫ್‌ಎಂನಲ್ಲೂ ಬಿಟ್ಟರು. ಹೋದ ವರ್ಷ ಮೂರನೆಯದಾಗಿ ಡಿಜಿಟಲ್ ಬಂತು. ಅದೇ ಮೀಡಿಯಂ ವೇವ್, ಅದೇ ಗೋಪುರ. ಆದರೆ ದನಿಯನ್ನು ಅಂಕಿಗಳಾಗಿ ಪುಡಿಮಾಡಿ ಕಳಿಸುತ್ತಾರೆ, ಆ ಪುಡಿಯನ್ನು ಮತ್ತೆ ಕಲಸಿ ದನಿ ಮಾಡುವುದಕ್ಕೆ ಹೊಸ ಬಗೆಯ ಸೆಟ್ಟೇ ಬೇಕು. ಒಂದೇ ಅಡುಗೆ, ಮೂರು ತಟ್ಟೆ.

ಸಗಟು ವ್ಯಾಪಾರಿ ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದ: "ಅಣ್ಣಾ, ಹಳೇ ಅನಲಾಗು, ಅದೇ ಆ ಕೊರಕೊರದ್ದು, ಇನ್ನು ನಾಲ್ಕು ದಿನದ ಮಾತು. ಮುಚ್ಚಿಬಿಡ್ತಾರಂತೆ. ಆಗ ಊರಿಗೂರೇ ಡಿಜಿಟಲ್ ಸೆಟ್ಟಿಗೆ ನಿಮ್ಮ ಬಾಗಿಲು ಮುರಿಯುತ್ತೆ. ಬಾಗಿಲು ಗಟ್ಟಿ ಮಾಡಿಸ್ಕೊಳ್ಳಿ."

ನಾನು ಬಾಗಿಲು ಗಟ್ಟಿ ಮಾಡಿಸಿದೆ. ಸೆಟ್ಟುಗಳನ್ನು ರಾಶಿಗಟ್ಟಲೆ ತರಿಸಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿರಲಿಲ್ಲ. ಅಂಗಡಿಯಲ್ಲಿ ಉಳಿದಿದ್ದ ಅನಲಾಗ್ ಸೆಟ್ಟುಗಳನ್ನೆಲ್ಲ ಮೂಟೆ ಕಟ್ಟಿ ಎದುರಂಗಡಿಯವನ ತಲೆಗೆ ಕಟ್ಟಿದೆ. ಅವನನ್ನು ಬೀದಿಯವರೆಲ್ಲ 'ಮಂದಹಾಸ' ಎನ್ನುತ್ತಾರೆ. ಬಂದ ಗಿರಾಕಿಗೂ ನಗುತ್ತಾನೆ, ಬರಿಗೈಯಲ್ಲಿ ಹೋದ ಗಿರಾಕಿಗೂ ನಗುತ್ತಾನೆ, ಶಟರಿಗೆ ಬೆರಳು ಸಿಕ್ಕಿಕೊಂಡಾಗಲೂ ನಕ್ಕವನು. ನನ್ನ ಹಳೆಯ ಸೆಟ್ಟುಗಳನ್ನೂ ನಗುತ್ತಲೇ ತೆಗೆದುಕೊಂಡ. ಅವನು ಬೆನ್ನು ತಿರುಗಿಸಿದ ಮೇಲೆ ನಾನೂ ನಕ್ಕೆ.

ಆ ನಾಲ್ಕು ದಿನ ಬೆಳೆದು ನಾಲ್ಕು ತಿಂಗಳಾಯಿತು. ಅನಲಾಗು ಮುಚ್ಚಲಿಲ್ಲ. ಬಾಗಿಲು ಮುರಿಯಲಿಲ್ಲ. ಗಟ್ಟಿ ಬಾಗಿಲಿನ ಒಳಗೆ ಡಿಜಿಟಲ್ ಸೆಟ್ಟುಗಳು ಶಾಲೆಯ ಫೋಟೋಗೆ ಕೂತ ಮಕ್ಕಳ ಹಾಗೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು.

ಮನೆಯವರೇ ಬಳಸದ ವಸ್ತುವನ್ನು ಊರವರು ಯಾಕೆ ಬಳಸಿಯಾರು ಎಂಬ ಘನ ತತ್ತ್ವವೊಂದು ಹೊಳೆದು, ಒಂದು ಸೆಟ್ಟನ್ನು ಮನೆಗೆ ತಂದು ಹಾಲಿನಲ್ಲಿ ಪ್ರತಿಷ್ಠಾಪಿಸಿದೆ. ಅಲ್ಲಿಗೆ ನಮ್ಮ ಮನೆಯಲ್ಲಿ ತ್ರಿಮೂರ್ತಿಗಳಾದವು. ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಹಳೆಯ ಅನಲಾಗ್ ಸೆಟ್ಟು, ಕಿವಿಯಂಥ ಗುಂಡಿಯೊಂದು ಮುರಿದು ದಾರ ಕಟ್ಟಿಸಿಕೊಂಡದ್ದು. ಕೋಣೆಯಲ್ಲಿ ಮಗಳು, ಅವಳು ಕಾಲೇಜಿನವಳು, ಮೊಬೈಲಿಗೆ ತಂತಿ ಸಿಕ್ಕಿಸಿ, ತಂತಿಯನ್ನು ಕಿವಿಗೆ ಸಿಕ್ಕಿಸಿ, ಎಫ್‌ಎಂನಲ್ಲಿ ತಲೆ ಕುಣಿಸುವವಳು. ಹಾಲಿನಲ್ಲಿ ನಾನು, ನನ್ನ ಡಿಜಿಟಲು.

ಅದರ ದನಿಯೋ, ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ. ಒಂದು ಚೂರು ಕೊರಕೊರವಿಲ್ಲ. ಆದರೆ ಅದಕ್ಕೆ ಕೆಲವು ರಾಜಭೋಗಗಳು ಬೇಕಿದ್ದವು. ಕಿಟಕಿಯ ಪಕ್ಕವೇ ಇಡಬೇಕು. ಕಿಟಕಿಯ ಪಕ್ಕವೆಂದರೆ ಎಡಪಕ್ಕ. ಎಡಪಕ್ಕವೆಂದರೆ ತುಸು ಓರೆಯಾಗಿ, ಯಾರದೋ ಮೇಲೆ ಮುನಿಸಿಕೊಂಡಂತೆ. ಅಷ್ಟೆಲ್ಲ ಮಾಡಿದ ಮೇಲೂ ಅಡುಗೆಮನೆಯಲ್ಲಿ ಮಿಕ್ಸಿ 'ಗುರ್' ಎಂದ ಕೂಡಲೇ ಪಟ್ಟನೆ ಬಾಯಿ ಮುಚ್ಚಿಕೊಂಡು 'ಸಂಕೇತ ಹುಡುಕಲಾಗುತ್ತಿದೆ, ದಯವಿಟ್ಟು ಕಾಯಿರಿ' ಎಂದು ಅಕ್ಷರ ತೋರಿಸುತ್ತಿತ್ತು. ನಾನು ಸೆಟ್ಟನ್ನೆತ್ತಿಕೊಂಡು ಅಳುವ ಕೂಸನ್ನು ಆಡಿಸುವವನ ಹಾಗೆ ಹಾಲಿನಲ್ಲಿ ಓಡಾಡುತ್ತಿದ್ದೆ. ಅಡುಗೆಮನೆಯ ಹಳೆಯ ಸೆಟ್ಟು ಮಾತ್ರ ಮಿಕ್ಸಿಯ ಜೊತೆ ಜೋರಾಗಿ ಜಗಳ ಮಾಡಿಕೊಂಡೇ ವಾರ್ತೆ ಓದುತ್ತಿತ್ತು.

"ನಿಮ್ಮ ರೇಡಿಯೋ ಒಳ್ಳೇದು ಕಣ್ರೀ," ಎಂದಳು ಹೆಂಡತಿ ಒಂದು ದಿನ. "ಗದರಿಸಿದ್ರೆ ಸುಮ್ನಾಗುತ್ತೆ. ಇಂಥ ಗುಣ ಈ ಮನೇಲಿ ಇನ್ಯಾರಿಗೂ ಇಲ್ಲ."

ಎರಡನೆಯ ತಕರಾರು ಹೊತ್ತಿನದು. ಬೆಳಗಿನ ವಾರ್ತೆಗೆ ಮುಂಚೆ ನಿಲಯದವರು 'ಪೀಂ ಪೀಂ' ಎಂದು ಗಂಟೆ ಹೇಳುತ್ತಾರಲ್ಲ, ಅಡುಗೆಮನೆಯ ಸೆಟ್ಟು ಅದನ್ನು ಹೇಳಿ ಮುಗಿಸಿ, ವಾರ್ತೆಯ ಮೊದಲ ವಾಕ್ಯಕ್ಕೆ ಬಂದ ಮೇಲೆ ನನ್ನ ಸೆಟ್ಟು ಸಾವಕಾಶವಾಗಿ 'ಪೀಂ' ಎನ್ನುತ್ತಿತ್ತು.

"ಇದೇನ್ರೀ, ನಿಮ್ಮದು ಹಿಂದೆ ಉಳೀತಲ್ಲ?"

"ಹಿಂದೆ ಅಲ್ಲ ಕಣೇ. ಅದು ಸೋಸಿ ಬರುತ್ತೆ. ಅಂಕಿಯೆಲ್ಲ ಕೂಡಿ, ತಪ್ಪಿದ್ರೆ ತಿದ್ದಿ, ಕೊಳೆ ತೆಗೆದು, ಆಮೇಲೆ ಕೊಡುತ್ತೆ. ಶುದ್ಧವಾದ ಮಾಲು ಬೇಕು ಅಂದ್ರೆ ಸ್ವಲ್ಪ ಹೊತ್ತು ಹಿಡಿಯುತ್ತೆ."

"ಎಷ್ಟು ಹೊತ್ತು?"

"ಎಷ್ಟು ಅಂದ್ರೆ... ಒಂದು ಲೋಟ ನೀರು ಗಟಗಟ ಕುಡಿದು ಲೋಟ ಕೆಳಗಿಡೋಷ್ಟು. ಅಷ್ಟರಲ್ಲಿ ಏನು ಮುಳುಗಿಹೋಗುತ್ತೆ?"

"ಓಹೋ. ಹಳಸಿದ್ದನ್ನ ಹೊಸ ರೇಟಿಗೆ ಮಾರ್ತೀರಿ ಅನ್ನಿ."

ಓದುಗರು ಈ ಲೋಟದ ಲೆಕ್ಕವನ್ನು ತುಸು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನು ಇಟ್ಟುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಜೊತೆಗೆ ಇನ್ನೊಂದು ಮಾತು: ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಸಿಕ್ಕರೆ, ಒಂದು ಬಲ್ಬಿಗೆಂದು ಬಂದವನ ಕೈಯಲ್ಲಿ ಫ್ಯಾನು ಹೊರಿಸಿ ಕಳಿಸುವವನು ನಾನು. ನನ್ನ ನಾಲಿಗೆಯ ವೇಗ ಬೀದಿಗೆಲ್ಲ ಪ್ರಸಿದ್ಧ.

ಹೀಗಿರುವಾಗ ನಿಲಯದವರು ಒಂದು ಪ್ರಕಟಣೆ ಕೊಟ್ಟರು. ಅನಲಾಗ್ ಪ್ರಸಾರ ನಿಲ್ಲಿಸಿ ಡಿಜಿಟಲ್ಲು, ಎಫ್‌ಎಂ ಎರಡನ್ನೇ ಉಳಿಸಿಕೊಳ್ಳುವ ಯೋಚನೆಯಿದೆ. ಕೇಳುಗರು ಭಾನುವಾರ ಬೆಳಗಿನ ನೇರ ಪ್ರಸಾರಕ್ಕೆ ಫೋನ್ ಮಾಡಿ ಅಭಿಪ್ರಾಯ ಹೇಳಬಹುದು. ಅದನ್ನು ಕೇಳಿಯೇ ತೀರ್ಮಾನ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನನ್ನ ಅಂಗಾಲಿನ ಇರುವೆಯೂ ನಿಂತಿತು. ಇಬ್ಬರಿಗೂ ಬೇರೆಬೇರೆ ಕಾರಣ.

ಅವಳ ಕಾರಣ ಅವಳ ಅಕ್ಕ. ಅಕ್ಕನ ಗಂಡ, ಎಂದರೆ ನನ್ನ ಷಡ್ಡಕ, ಗುಡ್ಡದಾಚೆಯ ಅಣೆಕಟ್ಟಿನಲ್ಲಿ ಪಂಪು ನೋಡಿಕೊಳ್ಳುವ ಕೆಲಸದವರು. ಅಲ್ಲಿ ಒಂದು ಸಾಲು ಮನೆ, ಒಂದು ಕೊಳವೆ, ಬೇಕಾದಷ್ಟು ನೀರು, ಅಷ್ಟೆ. ಎಫ್‌ಎಂ ಗುಡ್ಡದ ತಲೆಯವರೆಗೆ ಹೋಗಿ ಸುಸ್ತಾಗಿ ಕೂತುಬಿಡುತ್ತದೆ, ಆಚೆ ಇಳಿಯುವುದಿಲ್ಲ. ಹಳೆಯ ಮೀಡಿಯಂ ವೇವ್ ಮಾತ್ರ ಗುಡ್ಡ ಹತ್ತಿ ಇಳಿದು ಅಕ್ಕನ ಅಡುಗೆಮನೆಗೆ ಹೋಗುತ್ತದೆ. ಇಲ್ಲಿ ತಂಗಿ, ಅಲ್ಲಿ ಅಕ್ಕ, ಬೆಳಗಿನ 'ಮಾತುಕತೆ' ಕಾರ್ಯಕ್ರಮವನ್ನು ಒಟ್ಟಿಗೇ ಕೇಳುವುದು, ನಡುನಡುವೆ ಫೋನಿನಲ್ಲಿ "ಕೇಳಿದ್ಯಾ?" "ಕೇಳ್ದೆ ಕಣೆ!" ಎಂದು ಒಟ್ಟಿಗೇ ನಗುವುದು. ಮದುವೆಯಾಗಿ ಬೇರೆಬೇರೆ ಮನೆ ಸೇರಿದ ದಿನದಿಂದ ನಡೆದುಬಂದದ್ದು.

"ಅದನ್ನ ನಿಲ್ಲಿಸಿದ್ರೆ ಅಕ್ಕನಿಗೆ ಪಂಪಿನ ಸದ್ದೇ ಗತಿ," ಎಂದಳು. ಅವಳು ತಮಾಷೆ ಮಾಡದೆ ಮಾತನಾಡುವುದು ಅಪರೂಪ, ಅವತ್ತು ತಮಾಷೆ ಮಾಡಲಿಲ್ಲ. "ನಾನು ಭಾನುವಾರ ಫೋನ್ ಮಾಡ್ತೀನಿ ರೀ. ಹಳೇದು ಬೇಕೇ ಬೇಕು ಅಂತ ಹೇಳ್ತೀನಿ."

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ. ಸಾಧಾರಣ ಗೃಹಿಣಿಯೊಬ್ಬಳು, ಊರಿಗೆಲ್ಲ ಕೇಳುವ ಹಾಗೆ, ಡಿಜಿಟಲ್ ಸೆಟ್ಟನ್ನು ಬಾಯ್ತುಂಬ ಹೊಗಳಿದರೆ! ಕೂತ ಸರಕು ಎದ್ದು ಓಡೀತು.

"ಮಾಡು, ಖಂಡಿತ ಮಾಡು," ಎಂದೆ. "ಆದ್ರೆ ಹಳೇದು ಬೇಕು ಅಂದ್ರೆ ಯಾರೂ ಕೇಳಲ್ಲ. ಡಿಜಿಟಲ್ ಬಂದ ಮೇಲೆ ನಮ್ಮ ಮನೆಯೇ ಬದಲಾಯ್ತು ಅನ್ನು. ಕಿವಿ ಪಾವನವಾಯ್ತು ಅನ್ನು."

"ಅಕ್ಕನ ಕಿವಿ?"

"ಅಕ್ಕನಿಗೂ ಒಂದು ಡಿಜಿಟಲ್ ಸೆಟ್ಟು ಕೊಡೋಣ."

"ಕೊಡೋಣ ಅಂದ್ರೆ ಕೊಡೋದಾ, ಮಾರೋದಾ?"

ನಾನು ಕಿಟಕಿಯ ಕಡೆ ತಿರುಗಿ ಸೆಟ್ಟಿನ ಓರೆ ಸರಿಮಾಡಿದೆ.

ವಾರವಿಡೀ ಪಾಠ ಹೇಳಿಕೊಟ್ಟೆ. ಅವಳು ಪಾತ್ರೆ ತೊಳೆಯುವಾಗ ಹಿಂದೆ ನಿಂತು ಹೇಳಿದೆ, ಬಟ್ಟೆ ಹರವುವಾಗ ಕ್ಲಿಪ್ಪು ಕೊಡುತ್ತ ಹೇಳಿದೆ. ಅಂಗಡಿಯಿಂದ ಮಧ್ಯಾಹ್ನ ಎದ್ದು ಬಂದು ಎರಡು ವಾಕ್ಯ ಹೇಳಿ ಓಡಿದೆ. ಅವಳು ಎಲ್ಲಕ್ಕೂ "ಹೂಂ" ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳ "ಹೂಂ"ಗೆ 'ಒಪ್ಪಿದೆ' ಎಂಬ ಅರ್ಥ ಒಮ್ಮೆಯೂ ಇದ್ದದ್ದಿಲ್ಲ. ಆದರೂ ಪ್ರತಿ ಸಲ ನಂಬುತ್ತೇನೆ. ವ್ಯಾಪಾರಿಗೆ ಆಶಾವಾದವೇ ಬಂಡವಾಳ.

ಭಾನುವಾರ ಬಂತು. ನಾನು ಬೆಳಗಿನಿಂದ ಕೂತಿಲ್ಲ. ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಮಗಳು ಕೋಣೆಯಿಂದ ತಲೆ ಹಾಕಿ, "ಅಪ್ಪಾ, ನೀವು ನಡೆದ ದೂರಕ್ಕೆ ದೊಡ್ಡಮ್ಮನ ಮನೇಗೇ ಹೋಗಿ ಮುಖತಾ ಹೇಳಿ ಬರಬಹುದಿತ್ತು," ಎಂದು ಮತ್ತೆ ಎಫ್‌ಎಂ ಒಳಗೆ ಮುಳುಗಿದಳು.

ನಮ್ಮ ಮನೆಯಲ್ಲಿ ಮೊಬೈಲು ನೆಟ್ಟಗೆ ಸಿಗುವುದು ಹಾಲಿನಲ್ಲಿ. ಹೆಂಡತಿ ಕುರ್ಚಿಯ ತುದಿಯಲ್ಲಿ ಕೂತು ಫೋನ್ ಹಚ್ಚಿದಳು. ಸಿಕ್ಕಿತು! ನಿಲಯದ ಯಾರೋ ಹೆಸರು, ಬೀದಿ ಕೇಳಿಕೊಂಡು, "ಹತ್ತಿರ ಇರೋ ರೇಡಿಯೋ ಆಫ್ ಮಾಡಿ, ಸ್ಪೀಕರ್ ಹಾಕ್ಬೇಡಿ, ಲೈನಲ್ಲೇ ಇರಿ" ಎಂದರಂತೆ.

ನಾನು ಓಡಿಹೋಗಿ ಅಡುಗೆಮನೆಯ ಹಳೆಯ ಸೆಟ್ಟನ್ನು ಆರಿಸಿ ಬಂದೆ. ಹಾಲಿನ ಡಿಜಿಟಲ್ ಸೆಟ್ಟನ್ನು ಆರಿಸಲಿಲ್ಲ. ಆರಿಸುವುದಿರಲಿ, ದನಿಯನ್ನು ಒಂದು ಮೆಟ್ಟಿಲು ಏರಿಸಿದೆ. ನೀವೇ ಹೇಳಿ, ಹೊಗಳಿಸಿಕೊಳ್ಳಬೇಕಾದ ವಸ್ತುವಿನ ಗಾಜಿನಂಥ ದನಿ ಹಿಂದೆ ಮೆಲ್ಲಗೆ ಕೇಳುತ್ತಿದ್ದರೆ ಅದಕ್ಕಿಂತ ಪ್ರಚಾರವುಂಟೇ?

"ಮತ್ತೇನಂದ್ರು?" ಎಂದೆ.

ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಪಿಸುಗುಟ್ಟಿದಳು: "ಈಗ ಹಾಡು ಬರ್ತಿದೆಯಲ್ಲ, ಅದು ಮುಗಿದ ಕೂಡ್ಲೇ ನಾನೇ ಅಂತೆ."

ಸರಿ. ನಾನು ಸೆಟ್ಟಿನ ಪಕ್ಕ ನಿಂತು ಹಾಡಿಗೆ ಕಿವಿ ಕೊಟ್ಟೆ. ಕೊನೆಯ ಚರಣ, ಕೊಳಲು ಇನ್ನೂ ಆಲಾಪ ಎಳೆಯುತ್ತಿತ್ತು. ಅವಳ ತುಟಿ ಒಣಗಿದಂತೆ ಕಂಡಿತು. ಒಂದು ಲೋಟ ನೀರು ತಂದು ಕೈಗೆ ಕೊಟ್ಟೆ.

ಅಷ್ಟರಲ್ಲಿ ಅವಳು ಇದ್ದಕ್ಕಿದ್ದಂತೆ ನೆಟ್ಟಗೆ ಕೂತು, ಮದುವೆಮನೆಯ ದನಿಯಲ್ಲಿ, "ನಮಸ್ಕಾರ," ಎಂದಳು.

ರೇಡಿಯೋದಲ್ಲಿ ಕೊಳಲು ನಿಂತಿಲ್ಲ! ಹೆದರಿಕೆಗೆ ಬಾಯಿತಪ್ಪಿ ಮುಂಚೆಯೇ ಶುರುಮಾಡಿದ್ದಾಳೆ ಎಂದುಕೊಂಡೆ. ಇರುವ ಹೊತ್ತು ಚೂರೇ ಚೂರು. ಪಾಠವನ್ನೆಲ್ಲ ಇನ್ನೊಮ್ಮೆ ಹೇಳಿಬಿಡಬೇಕು. ಹತ್ತಿರ ಬಗ್ಗಿ, ನನ್ನ ಸುಪ್ರಸಿದ್ಧ ವೇಗದಲ್ಲಿ ಬಿಟ್ಟೆ:

"ಯಾರಿಗೆ ನಮಸ್ಕಾರ ಹೊಡೀತಿದ್ದೀಯಾ? ಹಾಡು ಮುಗಿದಿಲ್ಲ! ಕೇಳಿಲ್ಲಿ, ನಿಜ ಹೇಳೋಕೆ ಹೋಗ್ಬೇಡ. ಈ ಡಬ್ಬ ಮಿಕ್ಸಿ ಹಾಕಿದ್ರೆ ಮೂಗನಾಗುತ್ತೆ ಅಂತ ನಂಗೇ ಗೊತ್ತಿಲ್ವಾ? ಅಂಗಡೀಲಿ ನಾನೇ ಹಳೇ ಸೆಟ್ಟು ಮೇಜಿನ ಕೆಳಗಿಟ್ಕೊಂಡು ಕೇಳೋದು. ಅದರ ಮುಂದೆ ಇದು ಯಾವ ಲೆಕ್ಕ? ಆದ್ರೆ ಹಳೇವನ್ನೆಲ್ಲ ಆ ಮಂದಹಾಸನ ತಲೆಗೆ ಕಟ್ಟಿಬಿಟ್ಟಿದ್ದೀನಲ್ಲ, ಬೇಕು ಅಂದ್ರೆ ಊರಲ್ಲಿ ಅವನೊಬ್ಬನ ಹತ್ರಾನೇ ಇರೋದು. ನಾನು ಈ ಡಬ್ಬಗಳನ್ನ ಊರಿನವರ ತಲೆಗೆ ಕಟ್ಟಬೇಡ್ವಾ? ಚೆನ್ನಾಗಿದೆ ಅನ್ನು, ಅಷ್ಟೇ. ಆ ಉದ್ಘೋಷಕಿ ಏನಾದ್ರೂ ಕೇಳಿದ್ರೆ ಹೆದರ್ಬೇಡ, ಅವಳಿಗೂ ಏನೂ ಗೊತ್ತಿರಲ್ಲ!"

ಹೆಂಡತಿ ಕಣ್ಣನ್ನು ಬಟ್ಟಲು ಮಾಡಿ, ಲೋಟ ಹಿಡಿದ ಕೈಯ ಬೆರಳನ್ನು ತುಟಿಯ ಮೇಲಿಟ್ಟಳು.

"ನೀರು ಸಾಲಲಿಲ್ವಾ?" ಎಂದೆ.

ಆಗ ಮಗಳ ಕೋಣೆಯಿಂದ ಒಂದು ಕೇಕೆ ಕೇಳಿತು. ಕೇಕೆಯ ಹಿಂದೆಯೇ ಏನೋ ದಪ್ಪನೆ ಬಿದ್ದ ಸದ್ದು. (ಮಂಚದಿಂದ ಅವಳೇ ಬಿದ್ದದ್ದೆಂದು ಆಮೇಲೆ ತಿಳಿಯಿತು.) ಅದಾದದ್ದೇ ಗೋಡೆಯಾಚೆ ಪಕ್ಕದ ಮನೆಯ ಟೈಲರ್ ನಕ್ಕ. ಟೈಲರ್ ನಕ್ಕದ್ದನ್ನು ನಾನು ಅವತ್ತಿನವರೆಗೂ ಕೇಳಿರಲಿಲ್ಲ. ಬಾಯಲ್ಲಿ ಯಾವಾಗಲೂ ಗುಂಡುಸೂಜಿ ಇರುವ ಮನುಷ್ಯ ಅವನು. ಎದುರು ಮನೆಯಿಂದ ಹೆಂಗಸರ ನಗು. ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿ ನಕ್ಕರು. ಇದೇನು ಇವತ್ತು ಬೀದಿಗೆಲ್ಲ ಇಷ್ಟು ಖುಷಿ ಎಂದು ನಾನು ಕಿಟಕಿಯಲ್ಲಿ ಇಣುಕಿ ನೋಡುತ್ತಿರುವಾಗ, ಪಕ್ಕದಲ್ಲಿ ಕೊಳಲು ನಿಂತಿತು. ನನ್ನ ರೇಡಿಯೋದಲ್ಲಿ ಉದ್ಘೋಷಕಿ ಹೇಳಿದಳು: "ಈಗ ನಮ್ಮೊಂದಿಗೆ ಒಬ್ಬ ಕೇಳುಗರು ಸಂಪರ್ಕದಲ್ಲಿದ್ದಾರೆ. ನಮಸ್ಕಾರ!" ಹೆಂಡತಿಯ ದನಿ ಹೇಳಿತು: "ನಮಸ್ಕಾರ."

ಅದರ ಹಿಂದೆ, ಗಾಜಿನಂಥ, ಕೊಳೆ ತೆಗೆದ, ಸೋಸಿದ, ಶುದ್ಧವಾದ ದನಿಯಲ್ಲಿ ನಾನು ಬಂದೆ.

"ಯಾರಿಗೆ ನಮಸ್ಕಾರ ಹೊಡೀತಿದ್ದೀಯಾ? ಹಾಡು ಮುಗಿದಿಲ್ಲ!..."

ಒಂದು ಲೋಟ ನೀರು. ಊರು ನಕ್ಕು ಮುಗಿಸುವ ಹೊತ್ತಿಗೆ ನನಗೆ ನನ್ನ ಸುದ್ದಿ ತಲುಪುತ್ತಿತ್ತು.

ಇಲ್ಲಿಗೆ ಮುಗಿದಿದ್ದರೆ ಒಂದು ಸಲದ ಅವಮಾನ. ಆದರೆ ರೇಡಿಯೋ ಹಾಲಿನಲ್ಲಿತ್ತು, ಜೋರಾಗಿತ್ತು. ಹೆಂಡತಿಯ ಕೈಯಲ್ಲಿ ಫೋನು ತೆರೆದಿತ್ತು. ರೇಡಿಯೋ ಹೇಳಿದ್ದನ್ನೆಲ್ಲ ಫೋನು ನಿಷ್ಠೆಯಿಂದ ಎತ್ತಿಕೊಂಡು ಮತ್ತೆ ನಿಲಯಕ್ಕೆ ಮುಟ್ಟಿಸಿತು, ನಿಲಯ ಮತ್ತೆ ಊರಿಗೆ ಹಂಚಿತು. ನನ್ನ ಭಾಷಣದ ಎರಡನೆಯ ಆವೃತ್ತಿ ಆಗಲೇ ಬೀದಿ ತಲುಪಿತ್ತು. ಟೈಲರ್ ಮೊದಲಿಗಿಂತ ಚೆನ್ನಾಗಿ ನಗುತ್ತಿದ್ದ. ಇನ್ನೊಂದು ಲೋಟ ನೀರಿನ ಹೊತ್ತಿಗೆ ಮೂರನೆಯದು ಬರುವುದಿತ್ತು.

ಸೆಟ್ಟಿನ ಮೇಲೆ ಹಾರಿಬಿದ್ದೆ. ಹಳೆಯ ಸೆಟ್ಟಾಗಿದ್ದರೆ ಕಿವಿ ಹಿಂಡಿದರೆ ಮುಗಿಯಿತು. ಇದರಲ್ಲಿ ಕಿವಿಯೇ ಇಲ್ಲ, ನುಣ್ಣನೆಯ ಮುಖ. ಮುಟ್ಟಿದರೆ ಸಾಕೆಂದು ನಾನೇ ಗಿರಾಕಿಗಳಿಗೆ ಬಣ್ಣಿಸುತ್ತಿದ್ದ ಮುಖ. ಮುಟ್ಟಿದೆ. 'ಭಾಷೆ ಬದಲಿಸಬೇಕೇ?' ಎಂದಿತು. ಇನ್ನೊಂದು ಕಡೆ ಮುಟ್ಟಿದೆ. 'ಅಲಾರಂ ಇಡಲಾಗಿದೆ' ಎಂದಿತು. ಮೂರನೆಯ ಕಡೆ ಗುದ್ದಿದೆ. ಅದು ಡಿಜಿಟಲ್ ಬಿಟ್ಟು ಎಫ್‌ಎಂಗೆ ಹಾರಿತು.

ಎಫ್‌ಎಂಗೆ ಲೋಟದ ಸಾವಧಾನವಿಲ್ಲ. ಫೋನಿಗೆ ಹೋದದ್ದು ತಕ್ಷಣ ರೇಡಿಯೋದಲ್ಲಿ, ರೇಡಿಯೋದಲ್ಲಿ ಬಂದದ್ದು ತಕ್ಷಣ ಫೋನಿಗೆ. ಎರಡೂ ಒಂದರ ಬಾಲ ಒಂದು ಕಚ್ಚಿಕೊಂಡು 'ಕೂಂಯ್ಯ್ಯ್' ಎಂದು ಊಳಿಟ್ಟವು. ನಾನು ಊಳಿಡಬೇಕಾದ ಹೊತ್ತಿಗೆ ನನ್ನ ಪರವಾಗಿ ರೇಡಿಯೋವೇ ಆ ಕೆಲಸ ಮಾಡಿತು. ನಾನು ಅದನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಕುರ್ಚಿಯ ಮೇಲಿಟ್ಟು, ಅದರ ಮೇಲೆ ದಿಂಬಿಟ್ಟು, ದಿಂಬಿನ ಮೇಲೆ ಕೂತೆ. ಸರಕು ಕೂತರೆ ಕೂರಲಾರದವನು ಕೊನೆಗೆ ಸರಕಿನ ಮೇಲೇ ಕೂತೆ. ಕೆಳಗಿನಿಂದ ನನ್ನದೇ ದನಿ ತೆಳ್ಳಗೆ "...ಡಬ್ಬ... ಡಬ್ಬ..." ಎನ್ನುತ್ತಿತ್ತು.

ಹೆಂಡತಿ ನೀರು ಕುಡಿದಳು. ಲೋಟ ಕೆಳಗಿಟ್ಟಳು. ನಂತರ ಫೋನಿಗೆ ಹೇಳಿದಳು:

"ಹೂಂ ಅಮ್ಮಾ, ನಮ್ಮನೆಯವರೇ. ಕರೆಂಟ್ ಸಾಮಾನಿನ ಅಂಗಡಿ. ಅವರು ಹೇಳಿದ್ದು ಕೇಳಿಸ್ತಲ್ಲ? ನಾನೂ ಅದನ್ನೇ ಹೇಳೋಣ ಅಂತಿದ್ದೆ, ಅವರೇ ಚೆನ್ನಾಗಿ ಹೇಳಿದ್ರು. ನಮ್ಮಕ್ಕ ಗುಡ್ಡದಾಚೆ ಇದ್ದಾಳೆ. ಅಲ್ಲಿಗೆ ನಿಮ್ಮ ಎಫ್‌ಎಂ ಬರಲ್ಲ. ಈ ಹೊಸ ಸೆಟ್ಟು, ಪಂಪು ಓಡಿದ್ರೆ ಮುನಿಸ್ಕೊಂಡ ಗಂಡಸಿನ ಹಾಗೆ ಪೂರ್ತಿ ಬಾಯಿ ಮುಚ್ಚಿಬಿಡುತ್ತೆ. ಹಳೇದು ಕೊರಕೊರ ಅಂದ್ರೂ ಮಾತಾಡುತ್ತೆ. ಹಿಟ್ಟಿನ ಕೈಯಾದ್ರೆ ಮೊಣಕೈಯಲ್ಲಿ ತಿರುಗಿಸಬಹುದು. ನಾನೂ ಅಕ್ಕನೂ ಒಂದೇ ಹೊತ್ತಿಗೆ ಕೇಳಿ ಒಂದೇ ಹೊತ್ತಿಗೆ ನಗ್ತೀವಿ ಅಮ್ಮಾ. ಹೊಸದು ಬೇಡ ಅನ್ನಲ್ಲ, ಇರಲಿ. ಹಳೇದನ್ನ ಮಾತ್ರ ತೆಗೀಬೇಡಿ."

ಅವಳು ಹೇಳಿದ್ದರಲ್ಲಿ ಒಂದು ಪದವೂ ನಾನು ಹೇಳಿಕೊಟ್ಟದ್ದಲ್ಲ. ಉದ್ಘೋಷಕಿಗೆ ನಗು ತಡೆಯಲಾಗದೆ ಮುಂದಿನ ಹಾಡನ್ನು ಹೆಸರು ಹೇಳದೆಯೇ ಹಾಕಿದಳು.

ಫೋನು ಇಟ್ಟ ಕೂಡಲೇ ಅಕ್ಕನ ಕರೆ ಬಂತು. ಅತ್ತಿಗೆ ಮಾತನಾಡಲೇ ಇಲ್ಲ, ಬರೀ ನಕ್ಕರು, ಇವಳೂ ನಕ್ಕಳು. ಇಬ್ಬರೂ ಕಣ್ಣೊರೆಸಿಕೊಳ್ಳುವ ಹಂತಕ್ಕೆ ಬಂದಾಗ, "ನಿಮ್ಮನೆಯವರ ಹತ್ರ ಕೊಡೇ, ಒಂದು ಡಬ್ಬ ಬೇಕಿತ್ತು ಅಂತ ಕೇಳ್ತೀನಿ," ಎಂದರು. ನಾನು ದಿಂಬಿನಿಂದ ಏಳಲಿಲ್ಲ.

ಹೆಂಡತಿಯನ್ನು ಕೇಳಿದೆ: "ಅಲ್ಲ, ಬೆರಳನ್ನ ತುಟಿ ಮೇಲೆ ಇಟ್ಯಲ್ಲ, ಅದರ ಬದಲು ಅಂಗೈಯನ್ನ ಫೋನಿನ ಮೇಲೆ ಇಡಬಹುದಿತ್ತಲ್ವೇ?"

"ಇಡೋಕೆ ಕೈ ಎಲ್ಲಿತ್ತು?" ಎಂದಳು. "ಒಂದರಲ್ಲಿ ಫೋನು, ಇನ್ನೊಂದರಲ್ಲಿ ನೀವೇ ಕೊಟ್ಟ ಲೋಟ."

ಸೋಮವಾರ ಅಂಗಡಿಯ ಬಾಗಿಲು ತೆಗೆಯುವ ಮುಂಚೆಯೇ ಬೀದಿಯಲ್ಲಿ ಜನ. ಡಿಜಿಟಲ್ ಸೆಟ್ಟು ಕೊಂಡವರು ಜಗಳಕ್ಕೆ ಬಂದರೇ? ಆಮೇಲೆ ನೆನಪಾಯಿತು, ಕೊಂಡವರೇ ಇಲ್ಲ. ಆ ಸಾಲು 'ಊರಲ್ಲಿ ಅವನೊಬ್ಬನ ಹತ್ರಾನೇ ಇರೋದು' ಎಂದು ನಾನು ಮೂರು ದಾರಿಯಲ್ಲೂ ಸಾರಿದ ಮಂದಹಾಸನ ಅಂಗಡಿಗೆ. ನನ್ನ ಕೈಯಿಂದ ಹೋದ ಹಳೆಯ ಸೆಟ್ಟುಗಳನ್ನು ಅವನು ಒಂದೊಂದಾಗಿ ಒರೆಸಿ ಒರೆಸಿ ಕೊಡುತ್ತಿದ್ದ. ಎಲ್ಲ ಮುಗಿದ ಮೇಲೆ ಬೀದಿ ದಾಟಿ ಬಂದು, "ಸಾಹುಕಾರ್ರೇ, ನಿಮ್ಮ ಉಪಕಾರ ಮರೆಯಲ್ಲ. ಮೇಜಿನ ಕೆಳಗಿರೋದನ್ನೂ ಕೊಡ್ತೀರಾ? ಇನ್ನೊಬ್ರು ಕೇಳ್ತಿದ್ದಾರೆ," ಎಂದ. ನಗುತ್ತಲೇ ಅಂದ; ಅವನ ಮುಖವಿರುವುದೇ ಹಾಗೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ನನ್ನ ಅಂಗಡಿಗೂ ಗಿರಾಕಿಗಳು ಬರುತ್ತಾರೆ, ಇಲ್ಲವೆನ್ನಲಾರೆ. ಆದರೆ ಫ್ಯಾನು ತೋರಿಸಿದರೆ ಸಾಕು, "ಸ್ವಾಮೀ, ನಮ್ಮ ಹತ್ರ ಬೇಡ, ಮನೆಯವರ ಹತ್ರ ಇದರ ಬಗ್ಗೆ ಏನು ಹೇಳ್ತೀರಿ?" ಎನ್ನುತ್ತಾರೆ. ಸುಳ್ಳು ಹೇಳಿದರೆ ನಂಬುವುದಿಲ್ಲ, ನಿಜ ಹೇಳಿದರೆ ಫ್ಯಾನು ಹೋಗುವುದಿಲ್ಲ.

ಕೆಲವೇ ದಿನಗಳಲ್ಲಿ ನಿಲಯದ ಪ್ರಕಟಣೆ ಬಂತು: ಸದ್ಯಕ್ಕೆ ಅನಲಾಗ್ ಪ್ರಸಾರ ಮುಂದುವರಿಯುತ್ತದೆ, ಕೇಳುಗರ ಅಭಿಪ್ರಾಯವೇ, ವಿಶೇಷವಾಗಿ 'ವಿದ್ಯುತ್ ಉಪಕರಣಗಳ ಅನುಭವಿ ವರ್ತಕರೊಬ್ಬರ ಮುಕ್ತಮನಸ್ಸಿನ ನುಡಿಗಳೇ' ಇದಕ್ಕೆ ಕಾರಣ. ಹೆಂಡತಿ ಅವತ್ತು ಅಡುಗೆಮನೆಯಲ್ಲಿ ಹಾಡಿಕೊಂಡಳು. ಆ ಹಾಡು ನನಗೆ ಹಾಲಿನಲ್ಲಿ ತಡವಿಲ್ಲದೆ ಕೇಳಿಸಿತು. ಒಂದು ಗಳಿಗೆ, ನಿಮ್ಮಾಣೆ, ನನಗೂ ಹಗುರವೆನ್ನಿಸಿ ಹೋಗಿ ಕುರ್ಚಿಯಲ್ಲಿ ಕೂತೆ.

ಹೆಚ್ಚು ಹೊತ್ತು ಕೂರಲಾಗಲಿಲ್ಲ. ನಿಲಯದವರು ಇನ್ನೊಂದು ಕೆಲಸ ಮಾಡಿದ್ದರು. ಬೆಳಗಿನ 'ಮಾತುಕತೆ'ಯ ಆರಂಭಕ್ಕೆ ಒಂದು ಗುರುತಿನ ದನಿ ಬೇಕಿತ್ತಂತೆ. ಮನೆಗೆ ಫೋನ್ ಮಾಡಿ ಅನುಮತಿ ಕೇಳಿದರಂತೆ. ನಾನು ಅಂಗಡಿಯಲ್ಲಿದ್ದೆ, ಇವಳು ಕೊಟ್ಟಳು.

"ನನ್ನ ದನಿಗೆ ನೀನು ಹೇಗೆ ಅನುಮತಿ ಕೊಡ್ತೀಯಾ?" ಎಂದು ಕೂಗಾಡಿದೆ.

"ದನಿ ನಿಮ್ಮದು. ಫೋನು ನನ್ನದು," ಎಂದಳು.

ಹೀಗಾಗಿ ಈಗ ದಿನಾ ಬೆಳಗ್ಗೆ ಹಾಲಿನಲ್ಲಿ ನಾನು ಕೈಯಲ್ಲಿ ಲೋಟ ಹಿಡಿದು ಅತ್ತಿಂದಿತ್ತ ಓಡಾಡುತ್ತಿರುತ್ತೇನೆ. ಮೊದಲು ಅಡುಗೆಮನೆಯಲ್ಲಿ ಕೊರಕೊರದ ನಡುವೆ ಏನೋ ಒಂದು ದನಿ, ಹೆಂಡತಿಯ ನಗು, ಅವಳ ಫೋನಿನಲ್ಲಿ ಗುಡ್ಡದಾಚೆಯಿಂದ ಅತ್ತಿಗೆಯ ನಗು. ಕೋಣೆಯಲ್ಲಿ ಮಗಳು. ಗೋಡೆಯಾಚೆ ಟೈಲರ್. ಕಿಟಕಿಯ ಎಡಪಕ್ಕದಲ್ಲಿ, ತುಸು ಓರೆಯಾಗಿ, ನನ್ನ ಡಿಜಿಟಲ್ ಸೆಟ್ಟಿನಲ್ಲಿ ಇನ್ನೂ ಕೊಳಲು ನುಡಿಯುತ್ತಿರುತ್ತದೆ. ನಾನು ಗಟಗಟ ನೀರು ಕುಡಿಯುತ್ತೇನೆ. ಲೋಟ ಕೆಳಗಿಡುತ್ತೇನೆ.

"ಯಾರಿಗೆ ನಮಸ್ಕಾರ ಹೊಡೀತಿದ್ದೀಯಾ?" ಎಂದು ಕೇಳುತ್ತದೆ ರೇಡಿಯೋ, ಒಂದು ಚೂರೂ ಕೊರಕೊರವಿಲ್ಲದೆ.